ಮಳೆ ಫೈಲಿನ ಹತ್ತಂಕಿಯಿಂದ ತಾರೀಖು ತೆಗೆಯುವುದು ಹೇಗೆ?

ಮೂಡಿಗೆರೆ, ಸಕಲೇಶಪುರದ ಕಡೆ ಕೆಲವು ಕಾಫಿ ತೋಟಗಳಲ್ಲಿ ಈಗ ತಾನಾಗಿಯೇ ಮಳೆ ಅಳೆದು ಬರೆದಿಡುವ ಯಂತ್ರಗಳಿವೆ. ಅದರ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದರೆ ತಾರೀಖಿನ ಜಾಗದಲ್ಲಿ 1700000000 ಎಂಬಂಥ ಸಂಖ್ಯೆ ಕೂತಿರುತ್ತದೆ. ನಮ್ಮ ಪಕ್ಕದ ತೋಟದ ರೈಟರು, 'ಹತ್ತಂಕಿ ಇದೆಯಲ್ಲ, ಸಿಮ್ ನಂಬರ್ ಇರಬೇಕು' ಅಂದಿದ್ದರು.

ಅದು ಟೈಮ್‌ಸ್ಟ್ಯಾಂಪ್. 1970ರ ಜನವರಿ 1ರ ನಡುರಾತ್ರಿಯಿಂದ ಎಷ್ಟು ಸೆಕೆಂಡು ಕಳೆದಿದೆ ಎಂಬ ಲೆಕ್ಕ, ಅಷ್ಟೇ.

ಮೊದಲು ಫೈಲಿನ ಒಂದು ನಕಲು ಮಾಡಿಡಿ. ಆಮೇಲೆ ಅಂಕಿ ಎಣಿಸಿ. ಹತ್ತಿದ್ದರೆ ಸೆಕೆಂಡು. ಹದಿಮೂರಿದ್ದರೆ ಮಿಲಿಸೆಕೆಂಡು, 1000ದಿಂದ ಭಾಗಿಸಿಕೊಳ್ಳಿ. ಹದಿಮೂರಂಕಿಯನ್ನು ಎಕ್ಸೆಲ್ 1.7E+12 ಎಂದು ಕುಗ್ಗಿಸಿ ತೋರಿಸುತ್ತದೆ. ಹಾಗೇ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಅಕ್ಷರದ ಫೈಲು) ಆಗಿ ಸೇವ್ ಮಾಡಿದರೆ ಉಳಿದ ಅಂಕಿಗಳು ಹೋದವು ಅಂತಲೇ ಲೆಕ್ಕ. ನಕಲು ಬೇಕು ಅಂದದ್ದು ಇದಕ್ಕೇ.

ಈಗ ಎಲ್ಲರೂ ಎಡವುವ ಜಾಗ. ಆ 1970ರ ನಡುರಾತ್ರಿ ನಮ್ಮದಲ್ಲ, ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದ ಲೆಕ್ಕದ್ದು. ಆಗ ಹಾಸನದಲ್ಲಿ ಬೆಳಗಿನ ಜಾವ ಐದೂವರೆ. ಹಾಗಾಗಿ ಐದೂವರೆ ಗಂಟೆ, ಅಂದರೆ 19800 ಸೆಕೆಂಡು ಕೂಡಿಸಲೇಬೇಕು. ಕೂಡಿಸದಿದ್ದರೆ ಮೇಲಿನ ಸಂಖ್ಯೆ 2023ರ ನವೆಂಬರ್ 14, ರಾತ್ರಿ 10:13 ಅನ್ನುತ್ತದೆ. ನಿಜಕ್ಕೂ ಅದು ನಮ್ಮಲ್ಲಿ 15ರ ಬೆಳಗಿನ ಜಾವ 3:43. ಗಂಟೆ ತಪ್ಪಿದರೆ ಹೋಗಲಿ, ಇಲ್ಲಿ ತಾರೀಖೇ ತಪ್ಪಿತು! ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನದಿಂದ ಮುಂದಿನ ಮಳೆಗೆ ದಿನ ಎಣಿಸುವವರಿಗೆ ಇದು ಸಣ್ಣ ವಿಷಯ ಅಲ್ಲ ಅಲ್ವಾ?

ಪಕ್ಕದ ಖಾನೆಯಲ್ಲಿ = ಮತ್ತು ( ಒತ್ತಿ, ಸಂಖ್ಯೆ ಇರುವ ಖಾನೆಯ ಮೇಲೆ ಕ್ಲಿಕ್ ಮಾಡಿ, ಮುಂದೆ +19800)/86400+25569 ಎಂದು ಬರೆದು ಎಂಟರ್ ಒತ್ತಿ. 86400 ಒಂದು ದಿನದ ಸೆಕೆಂಡುಗಳು. 25569 ಎಕ್ಸೆಲ್‌ನ ದಿನಗಣನೆಯಲ್ಲಿ 1970ರ ಜನವರಿ 1. ಉತ್ತರ 45245.155 ಅಂತ ಬಂದರೆ ಗಾಬರಿ ಬೇಡ, ಲೆಕ್ಕ ಸರಿಯಾಗಿದೆ. ಖಾನೆಯ ಫಾರ್ಮ್ಯಾಟನ್ನು ತಾರೀಖು-ಸಮಯಕ್ಕೆ ಬದಲಿಸಿ, ಕೆಳಗಿನ ಸಾಲುಗಳಿಗೆ ಎಳೆಯಿರಿ.

ಒಂದೆರಡು ಸಂಖ್ಯೆಗೆ ಇಷ್ಟೆಲ್ಲ ಬೇಡ, ಆನ್‌ಲೈನ್ ಪರಿವರ್ತಕ ಸಾಕು. ಆದರೆ ಕೆಲವದರಲ್ಲಿ ಜಿಎಂಟಿ (ಇಲ್ಲಿ ಯುಟಿಸಿ ಅಂತಲೇ ತಿಳಿಯಿರಿ) ಸಾಲು ಮೇಲಿರುತ್ತದೆ, ನಮ್ಮ ಸಮಯ ಕೆಳಗೆ. ಅವಸರದವರು ಮೇಲಿನದ್ದನ್ನೇ ಬರೆದುಕೊಳ್ಳುತ್ತಾರೆ. ಇದೇ ಕೆಲಸಕ್ಕೆ ದುಡ್ಡು ಕೇಳುವ ಆ್ಯಪೊಂದನ್ನು ನಾನು ಸುಮ್ನೆ ಹಾಕಿಕೊಂಡಿದ್ದೆ. ಲೆಕ್ಕಕ್ಕಿಂತ ಜಾಹೀರಾತೇ ಜಾಸ್ತಿ. ಅದೇ ದಿನ ತೆಗೆದುಹಾಕಿದೆ.

ತಾರೀಖಿನಿಂದ ಸಂಖ್ಯೆಗೆ ಹೋಗಲು ಲೆಕ್ಕ ತಿರುಗಿಸಿ: ತಾರೀಖಿನ ಖಾನೆಯಿಂದ 25569 ಕಳೆದು, 86400ರಿಂದ ಗುಣಿಸಿ, 19800 ಕಳೆಯಿರಿ. ತಾರೀಖು ಬರೆದ ಕೂಡಲೇ ಖಾನೆಯ ಬಲಕ್ಕೆ ಸರಿಯಿತೇ ನೋಡಿ. ಎಡಕ್ಕೇ ಉಳಿದರೆ ಎಕ್ಸೆಲ್ ಅದನ್ನು ಬರೀ ಅಕ್ಷರ ಅಂದುಕೊಂಡಿದೆ. 4/5 ಎಂಬುದನ್ನು ಕೆಲವು ಕಂಪ್ಯೂಟರ್ ಏಪ್ರಿಲ್ 5 ಎಂದೇ ಓದುತ್ತವೆ. ನಾನಂತೂ ತಿಂಗಳ ಹೆಸರನ್ನೇ ಬರೆಯುತ್ತೇನೆ. ನೀವೂ ಹಾಗೇ ಮಾಡಿ.