ರೋವರ್ ಚಕ್ರದ ತಿರುವು ಕೋನ ಅಳೆಯುವ ಸೆನ್ಸರ್ ಅಳವಡಿಸುವ ಬಗೆ

ನಾಲ್ಕು ಚಕ್ರಗಳೂ ಪ್ರತ್ಯೇಕವಾಗಿ ಎಡಬಲಕ್ಕೆ ತಿರುಗುವ ಹವ್ಯಾಸಿ ರೋವರ್‌ನಲ್ಲಿ (ಪುಟ್ಟ ರೋಬಾಟ್ ವಾಹನದಲ್ಲಿ), ತಿರುಗಿಸುವ ಮೋಟಾರಿನ ಹಿಂಬದಿಯ ಸಾಮಾನ್ಯ ಎನ್‌ಕೋಡರ್ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು, ಸ್ವಿಚ್ ಹಾಕಿದ ಕ್ಷಣದಲ್ಲಿ ಚಕ್ರ ಯಾವ ಕಡೆಗೆ ಮುಖ ಮಾಡಿದೆ ಎಂಬುದನ್ನು ಹೇಳಲಾರದು. ಗೇರ್ ಹಲ್ಲುಗಳ ನಡುವಿನ ಸಡಿಲವೂ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ಸೆನ್ಸರನ್ನು ಗೇರುಗಳೆಲ್ಲ ಮುಗಿದ ನಂತರದ, ಚಕ್ರದ ಜೊತೆಗೇ ತಿರುಗುವ ಶಾಫ್ಟಿಗೆ ಜೋಡಿಸಬೇಕು.

ತಿರುಗಿಸಿದಂತೆ ವಿದ್ಯುತ್ ರೋಧ ಬದಲಾಗುವ ಪೊಟೆನ್ಶಿಯೋಮೀಟರ್ ಸಾಕಾಗುತ್ತದೆ, ಆದರೆ ಸವೆಯುತ್ತದೆ. ಎಎಸ್5600 ಎಂಬ ಚಿಪ್ ಆಯಸ್ಕಾಂತದ ದಿಕ್ಕನ್ನು ಮುಟ್ಟದೆಯೇ ಓದಿ, ಒಂದು ಸುತ್ತನ್ನು 4096 ಭಾಗಗಳಾಗಿ, ಅಂದರೆ ಸುಮಾರು 0.088 ಡಿಗ್ರಿಗೆ ಒಂದರಂತೆ, ತಿಳಿಸುತ್ತದೆ.

ಹೆಚ್ಚಿನ ತೊಂದರೆಗಳು ಆಯಸ್ಕಾಂತದಿಂದಲೇ ಬರುತ್ತವೆ. ಶಾಫ್ಟಿನ ತುದಿಯಲ್ಲಿ ಕೂರುವ ಈ ಆಯಸ್ಕಾಂತದ ಬಿಲ್ಲೆಯ ಒಂದು ಅರ್ಧ ಉತ್ತರ ಧ್ರುವ, ಇನ್ನೊಂದು ಅರ್ಧ ದಕ್ಷಿಣ ಧ್ರುವವಾಗಿರಬೇಕು. ಎರಡು ಚಪ್ಪಟೆ ಮುಖಗಳಲ್ಲಿ ಧ್ರುವಗಳಿರುವ ಮಾಮೂಲಿ ಬಿಲ್ಲೆ ನೋಡಲು ಹಾಗೆಯೇ ಇದ್ದರೂ ಇಲ್ಲಿ ನಿರುಪಯೋಗಿ. ಉಕ್ಕಿನ ಶಾಫ್ಟ್ ಕಾಂತಕ್ಷೇತ್ರವನ್ನು ತನ್ನತ್ತ ಸೆಳೆಯುವುದರಿಂದ, ಬಿಲ್ಲೆಯನ್ನು ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಹಿಡಿಕೆಯಲ್ಲಿ ಕೂರಿಸಿ, ಚಿಪ್‌ನ ನಟ್ಟನಡುವಿಗೆ ಎದುರಾಗಿ, 0.5ರಿಂದ 3 ಮಿಲಿಮೀಟರ್ ಅಂತರದಲ್ಲಿ ನಿಲ್ಲಿಸಿರಿ. ಅಂತರ ಸರಿಯಿದೆಯೇ ಎಂದು ಊಹಿಸಬೇಕಾಗಿಲ್ಲ: ಕ್ಷೇತ್ರ ದುರ್ಬಲವೋ ಅತಿಯೋ ಎಂಬುದನ್ನು ಚಿಪ್‌ನ ಸ್ಟೇಟಸ್ ರಿಜಿಸ್ಟರ್ (ಸ್ಥಿತಿಯನ್ನು ದಾಖಲಿಸುವ, ಓದಬಹುದಾದ ಜಾಗ) ತಾನೇ ಹೇಳುತ್ತದೆ.

ಹಲವು ಚಿಪ್‌ಗಳು ಎರಡೇ ತಂತಿಗಳ ಮೇಲೆ (ಬಸ್) ಮಾತಾಡಿಕೊಳ್ಳುವ ಐ2ಸಿ ಪದ್ಧತಿಯಲ್ಲಿ ಪ್ರತಿಯೊಂದಕ್ಕೂ ಒಂದು ವಿಳಾಸವಿರುತ್ತದೆ; ಈ ಚಿಪ್‌ನ ವಿಳಾಸ ಬದಲಾಗದು. ಹಾಗಾಗಿ ನಾಲ್ಕನ್ನು ಒಂದೇ ಬಸ್‌ಗೆ ನೇರವಾಗಿ ಜೋಡಿಸದೆ, ಒಂದೊಂದನ್ನೇ ಆರಿಸಿ ಬಸ್‌ಗೆ ಸೇರಿಸುವ, ಎಂಟು ಚಾನೆಲ್‌ಗಳ ಟಿಸಿಎ9548ಎ ಮಲ್ಟಿಪ್ಲೆಕ್ಸರ್ ಮೂಲಕ ಓದಬೇಕು. ತಂತಿಗಳು ಗಿಡ್ಡವಾಗಿರಲಿ, ಮೋಟಾರಿನ ತಂತಿಗಳಿಂದ ದೂರವಿರಲಿ. ಯಾವ ಕಡೆಗೆ ತಿರುಗಿದಾಗ ಅಂಕಿ ಏರಬೇಕು ಎಂಬುದನ್ನು ನಿರ್ಧರಿಸುವ, ಚಿಪ್‌ನ ಡಿಐಆರ್ ಪಿನ್ನನ್ನು ಖಾಲಿ ಬಿಡದೆ ಗ್ರೌಂಡಿಗೆ ಕಟ್ಟಿರಿ.

ಚಕ್ರವನ್ನು ನೇರವಾಗಿ ನಿಲ್ಲಿಸಿದಾಗ ಬರುವ ಅಂಕಿಯೇ ನಿಮ್ಮ ಸೊನ್ನೆ. ಅದನ್ನು ಚಿಪ್‌ನಲ್ಲಿ ಶಾಶ್ವತವಾಗಿ ಬರೆಯಲು ಮೂರೇ ಅವಕಾಶಗಳಿರುವುದರಿಂದ ರೋವರನ್ನು ನಡೆಸುವ ಮೈಕ್ರೋಕಂಟ್ರೋಲರಿನ ಈಈಪ್ರಾಮ್‌ನಲ್ಲಿ (ವಿದ್ಯುತ್ ಹೋದರೂ ಅಳಿಯದ ನೆನಪಿನಲ್ಲಿ) ಇಡುವುದು ಜಾಣತನ. ಇನ್ನು, ಅಂಕಿ 4095 ದಾಟಿದರೆ ಮತ್ತೆ 0ರಿಂದ ಶುರುವಾಗುವುದರಿಂದ, ಗುರಿ 6, ಸದ್ಯದ ಅಂಕಿ 4090 ಆಗಿದ್ದರೆ ನಿಜವಾದ ಅಂತರ 12 ಮಾತ್ರ. ಆದರೆ ಬರಿಯ ಕಳೆಯುವಿಕೆ ಋಣ 4084 ಎಂದು ತೋರಿಸಿ, ಚಕ್ರವನ್ನು ಹಿಮ್ಮುಖವಾಗಿ ಹೆಚ್ಚುಕಡಿಮೆ ಪೂರ್ತಿ ಸುತ್ತಿಸಿ ತಂತಿಗಳನ್ನು ಕಿತ್ತುಹಾಕಬಹುದು. ವ್ಯತ್ಯಾಸಕ್ಕೆ 2048 ಕೂಡಿಸಿ, ಫಲಿತಾಂಶ ಋಣವಾದರೆ 4096 ಸೇರಿಸಿ, 4096 ಅಥವಾ ಹೆಚ್ಚಾದರೆ ಅಷ್ಟನ್ನು ಕಳೆದು, ಕೊನೆಗೆ 2048 ಕಳೆದರೆ ಸರಿಯಾದ 12 ಸಿಗುತ್ತದೆ.

ಮೊದಲ ಪರೀಕ್ಷೆಯನ್ನು ಚಕ್ರಗಳನ್ನು ನೆಲದಿಂದ ಎತ್ತಿಟ್ಟು, ಮೋಟಾರಿಗೆ ಕಡಿಮೆ ಶಕ್ತಿ ಕೊಟ್ಟು ನಡೆಸಿರಿ. ವ್ಯತ್ಯಾಸ ಕುಗ್ಗುವ ಬದಲು ಬೆಳೆದರೆ ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿರಿ. ಡಿಐಆರ್ ಪಿನ್ ಬದಲಿಸಿದರೂ ಆಗುತ್ತದೆ, ಆದರೆ ಆಗ ಅಂಕಿಗಳು ತಿರುವುಮುರುವಾಗುವುದರಿಂದ ಸೊನ್ನೆಯನ್ನು ಹೊಸದಾಗಿ ಗುರುತಿಸಬೇಕಾಗುತ್ತದೆ.