ಕೇಳಿದವರ ಹೆಸರೇ ಗೊತ್ತಿಲ್ಲದೆ ಮಾನಹಾನಿ ದಾವೆ ಗೆದ್ದೆ: ನನ್ನ ಅನುಭವ

"ತಮ್ಮಾ, ಕೇಳಿದವರ ಹೆಸರಿಲ್ಲದೆ ಈ ದಾವೆ ನಿಲ್ಲೂದಿಲ್ಲ" ಅಂತ ಕಾರವಾರದ ಹಿರಿಯ ವಕೀಲರೊಬ್ಬರು ಹೇಳಿದ್ದರು. ಆಡಿದ ಮಾತು ಬೇರೆಯವರ ಕಿವಿಗೆ ಬಿತ್ತು ಅಂತ ತೋರಿಸಬೇಕಲ್ಲ, ಅದಕ್ಕೆ. ಆದರೆ ನಿಂತಿತು, ಡಿಕ್ರಿಯೂ (ನಮ್ಮ ಪರ ಕೋರ್ಟಿನ ಆದೇಶ) ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

2023ರ ಚೌತಿ ಹತ್ತಿರದ ದಿನ. ಅಂಕೋಲಾದಿಂದ ಕಾರವಾರಕ್ಕೆ ಬೆಳಗಿನ ಬಸ್ಸು. ನನ್ನ ಕಕ್ಷಿದಾರರು ಸ್ವಸಹಾಯ ಸಂಘದ ಲೆಕ್ಕ ನೋಡುವವರು. ಅವರ್ಸಾ ದಾಟಿದ ಮೇಲೆ ಒಬ್ಬ ಎದ್ದು ನಿಂತು, ಅವರ ಹೆಸರು, ಊರು ಎರಡನ್ನೂ ಕೂಗಿ ಹೇಳಿ, ಸಂಘದ ದುಡ್ಡು ನುಂಗಿದವಳು ಅಂದ. ಅರ್ಧ ಕೊಂಕಣಿ, ಅರ್ಧ ಕನ್ನಡ. ಬಸ್ಸು ತುಂಬಿತ್ತು, ಪರಿಚಯದವರು ಒಬ್ಬರೂ ಇರಲಿಲ್ಲ.

ಇಂಥದ್ದೇ ಒಂದು ಕೇಸು ಶಿರಸಿಯಲ್ಲಿ ನಾನು ಸೋತಿದ್ದೆ. ಪ್ಲೇಂಟಿನಲ್ಲಿ, ಅಂದರೆ ದಾವೆಯ ಅರ್ಜಿಯಲ್ಲಿ, ಸುಮ್ನೆ "ಹಲವು ಜನರ ಎದುರು" ಅಂತ ಬರೆದು, ವಾದಿಯ ಅಣ್ಣನನ್ನೂ ಭಾವನನ್ನೂ ಸಾಕ್ಷಿ ಹಾಕಿದ್ದೆ. ಪಾಟೀ ಸವಾಲಿನಲ್ಲಿ (ಎದುರಿನ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವಾಗ) ಒಬ್ಬರು ಕಳ್ಳ ಅಂದ ಎಂದರು, ಇನ್ನೊಬ್ಬರು ಮೋಸಗಾರ ಅಂದ ಎಂದರು. ಅಲ್ಲಿಗೆ ಮುಗಿಯಿತು.

ಈ ಸಲ ಆಡಿದ ಮಾತನ್ನು ಆಡಿದ ಭಾಷೆಯಲ್ಲೇ, ಒಂದಕ್ಷರ ಬಿಡದೆ ಬರೆದು, ಕೆಳಗೆ ಕನ್ನಡ ಅರ್ಥ ಕೊಟ್ಟೆ. ಆಮೇಲೆ ಪ್ರಯಾಣಿಕರನ್ನು ಹುಡುಕಲು ಜೂನಿಯರ್‌ನನ್ನು ಅದೇ ಬಸ್ಸಿನಲ್ಲಿ ಹದಿನೈದು ದಿನ ಓಡಾಡಿಸಿದೆ. ಟಿಕೆಟ್ಟು, ಚಾ, ತಿಂಡಿ ಸೇರಿ ಮೂರು ಸಾವಿರ ಹೋಯಿತು. ಇಬ್ಬರು ಸಿಕ್ಕರು. ಇಬ್ಬರೂ "ಕೋರ್ಟು ಬೇಡ ಮಾರಾಯ್ರೇ" ಅಂದರು.

ಆಗ ತಲೆಗೆ ಬಂದದ್ದು ಟಿಕೆಟ್ ಯಂತ್ರ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿತ್ತಲ್ಲ, ಉಚಿತವಾಗಿ ಹೋಗುವ ಹೆಂಗಸರಿಗೂ ಶೂನ್ಯ ಟಿಕೆಟ್ ಕೊಡುತ್ತಾರೆ. ಎಲ್ಲಿ ಹತ್ತಿದರು, ಎಲ್ಲಿಗೆ ಟಿಕೆಟ್ ತೆಗೆದರು ಅನ್ನೋದು ಯಂತ್ರದಲ್ಲಿ ಉಳಿಯುತ್ತದೆ. ಆ ದಾಖಲೆ ಅಳಿಸಬೇಡಿ ಅಂತ ಡಿಪೋಗೆ ತಕ್ಷಣ ಪತ್ರ ಕೊಟ್ಟೆ. ಆ ಪತ್ರದಲ್ಲಿ ಏನು ಬರೆದೆ ಅನ್ನೋದು ನನ್ನಲ್ಲೇ ಇರಲಿ. ಅವರ್ಸಾದಿಂದ ಅಮದಳ್ಳಿವರೆಗೆ ಬಸ್ಸಿನಲ್ಲಿ ನಲವತ್ತರ ಹತ್ತಿರ ಜನ ಇದ್ದರು ಅಂತ ಲೆಕ್ಕ ಸಿಕ್ಕಿತು. ಪಾಸಿನ ಕಾಲೇಜು ಮಕ್ಕಳು ಅದರಲ್ಲಿ ಸೇರಿಲ್ಲ.

ಎದುರಿನ ವಕೀಲರು ಯಂತ್ರದ ದಾಖಲೆಯ ಪ್ರಿಂಟೌಟಿಗೆ ಸರ್ಟಿಫಿಕೇಟ್ ಎಲ್ಲಿ ಅಂತ ಹಿಡಿದರು. ಹೊಸ ಸಾಕ್ಷ್ಯ ಕಾಯ್ದೆ 2024ರ ಜುಲೈ 1ಕ್ಕೆ ಬಂತು, ನಮ್ಮ ದಾವೆ ಅದಕ್ಕಿಂತ ಹಳೆಯದು. ಹಾಗಾಗಿ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಪ್ರಕಾರವೇ ಸರ್ಟಿಫಿಕೇಟ್ ಮಾಡಿಸಿಕೊಂಡೆ. ಅದಕ್ಕೇ ಎರಡು ವಾಯಿದೆ (ವಿಚಾರಣೆಯ ದಿನ) ಹೋಯಿತು.

ಆದರೆ ಜನ ಇದ್ದರು ಅಂದ ಮಾತ್ರಕ್ಕೆ ಕೇಳಿದರು ಅಂತಾಗುವುದಿಲ್ಲ, ಅಲ್ವಾ? ಕಂಡಕ್ಟರಿಗೆ ಸಮನ್ಸ್ ಮಾಡಿಸಿ ಬ್ಯಾಟಾ (ಸಾಕ್ಷಿಯ ಓಡಾಟದ ಖರ್ಚು) ಕಟ್ಟಿದೆ. ಮೊದಲು ನೆನಪಿಲ್ಲ ಅಂದರು. ಟಿಕೆಟ್ ಪಟ್ಟಿ ಕೈಯಲ್ಲಿ ಕೊಟ್ಟು ನಿಧಾನಕ್ಕೆ ಕೇಳಿದ ಮೇಲೆ ಬಾಯಿಬಿಟ್ಟರು: ಬಸ್ಸಿನವರೆಲ್ಲ ತಿರುಗಿ ನೋಡಿದರು, ಒಬ್ಬ ಅಜ್ಜಿ "ಹಂಗಾರೆ ಆ ದುಡ್ಡು ಯಾರ್ದು?" ಅಂತ ಕೇಳಿದಳು. ಆ ಅಜ್ಜಿ ಯಾರೋ ಇವತ್ತಿಗೂ ಗೊತ್ತಿಲ್ಲ. ಬೇರೆಯವರು ಆಡಿದ್ದನ್ನು ಕೇಳಿ ಹೇಳುವ ಸಾಕ್ಷ್ಯ ಇದು, ನಡೆಯುವುದಿಲ್ಲ ಅಂತ ಎದುರಿನವರ ಆಕ್ಷೇಪ ಬಂತು. ಅಜ್ಜಿ ಹೇಳಿದ್ದು ನಿಜವೋ ಸುಳ್ಳೋ ಅಂತ ಸಾಬೀತು ಮಾಡಲು ನಾನು ಬಂದಿಲ್ಲ, ಪ್ರತಿವಾದಿಯ ಮಾತು ಅವಳ ಕಿವಿಗೆ ಬಿತ್ತು, ಅರ್ಥವೂ ಆಯಿತು, ಅಷ್ಟಕ್ಕೇ ಇದು ಸಾಕ್ಷಿ ಅಂದೆ. ಕೋರ್ಟು ಒಪ್ಪಿತು. ಇಡೀ ಕೇಸಿನಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಅದೇ.

ನಡುವೆ ಒಂದು ಪರೀಕ್ಷೆಯೂ ಮಾಡಿದೆ. ಅದೇ ಬಸ್ಸಿನಲ್ಲಿ ಜೂನಿಯರ್ ಮುಂದೆ ಕೂತು ಜೋರಾಗಿ ಮಾತಾಡಿದ, ನಾನು ಒಂದೊಂದೇ ಸಾಲು ಹಿಂದೆ ಸರಿದೆ. ಬಿಣಗಾ ಹತ್ತಿರ ಇಂಜಿನ್ ಸದ್ದಿಗೆ ಕೊನೆಯ ಎರಡು ಸಾಲಿಗೆ ಕೇಳಲಿಲ್ಲ. ಕೋರ್ಟಿಗೆ ಹಾಕಲಿಲ್ಲ, ಆದರೆ ಪ್ರತಿವಾದಿಯನ್ನು ಯಾವ ಸಾಲಿನ ಬಗ್ಗೆ ಕೇಳಬಾರದು ಅಂತ ಗೊತ್ತಾಯಿತು.

ಎರಡು ಲಕ್ಷ ಕೇಳಿದ್ದೆವು, ಕೋರ್ಟ್ ಫೀ 13-14 ಸಾವಿರ ಆಗಿತ್ತು. ಸಿಕ್ಕಿದ್ದು 60 ಸಾವಿರ ಮತ್ತು ಖರ್ಚು. ಡಿಕ್ರಿ ಪ್ರತಿ ಕೈಗೆ ಕೊಟ್ಟಾಗ ನಮ್ಮ ಕಕ್ಷಿದಾರ ಅಕ್ಕ ಮೊದಲು ಕೇಳಿದ್ದು ಇದನ್ನೇ: "ವಕೀಲ್ರೇ, ಆ ಅಜ್ಜಿಗೆ ಇದನ್ನ ಹೇಗೆ ತಿಳಿಸೂದು?"