ಕಲಿಕಾ ಲೈಸೆನ್ಸಿಗೆ ಎಂಥ ಬೈಕ್ ಕೊಳ್ಳಬೇಕು?

ಮಾದರಿ, ಬಣ್ಣ ನೋಡುವ ಮೊದಲು ಸವಾರರ ವಯಸ್ಸನ್ನೂ ಲೈಸೆನ್ಸಿನ ವರ್ಗವನ್ನೂ ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ 16 ತುಂಬಿದವರು 50 ಸಿಸಿ ಮೀರದ ಬೈಕನ್ನು ಮಾತ್ರ ಓಡಿಸಬಹುದು. ಶಿರಸಿ ಕಡೆಯ ತೋಟದ ಮನೆಗಳ ಅಂಗಳದಲ್ಲಿ ನಿಂತಿರುವ ಟಿವಿಎಸ್ ಎಕ್ಸ್‌ಎಲ್ 100 ಗೇರಿಲ್ಲದ ಗಾಡಿಯೇ ಆದರೂ ಅದರ ಎಂಜಿನ್ 99.7 ಸಿಸಿ ಇರುವುದರಿಂದ ಹದಿನಾರರ ಹುಡುಗರಿಗೆ ಅದು ಸಲ್ಲದು.

18 ತುಂಬಿದವರಿಗೆ ಸಿಸಿಯ ಮಿತಿಯಿಲ್ಲ. ಆದರೆ ಗೇರ್ ಇರುವ ಬೈಕ್ ಬೇಕಾದರೆ ಅದೇ ವರ್ಗಕ್ಕೆ ಅರ್ಜಿ ಹಾಕಬೇಕು. ಕಾರವಾರ ಪೇಟೆಯೊಳಗಿನ ಓಡಾಟಕ್ಕೆ 100 ಸಿಸಿ ಧಾರಾಳವಾಯಿತು. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಆಗಾಗ ಹೋಗುವವರು 125 ಸಿಸಿ ಕೊಳ್ಳುವುದು ಲೇಸು, ಏಕೆಂದರೆ ತಿರುವಿನಲ್ಲಿ ವೇಗ ಇಳಿದ ಮೇಲೆ ಏರಿನಲ್ಲಿ ಮತ್ತೆ ಎಳೆಯಲು ಚಿಕ್ಕ ಎಂಜಿನ್ ತಿಣುಕುತ್ತದೆ. ಸೀಟಿನ ಮೇಲೆ ಕುಳಿತಾಗ ಎರಡೂ ಪಾದಗಳು ನೆಲಕ್ಕೆ ಊರುತ್ತವೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿಕೊಳ್ಳಿ. ಮೈಲೇಜಿನ ಲೆಕ್ಕ ಆಮೇಲೆ. ಹಿಂದಿನ ಸೀಟಿನ ಅಗಲ ಸದ್ಯಕ್ಕೆ ಮುಖ್ಯವಲ್ಲ, ಕಲಿಕಾ ಅವಧಿಯಲ್ಲಿ ಲೈಸೆನ್ಸ್ ಇರುವ ತರಬೇತುದಾರರ ಹೊರತು ಬೇರೆ ಯಾರನ್ನೂ ಕೂರಿಸುವಂತಿಲ್ಲ.

ಕರಾವಳಿಯ ಉಪ್ಪುಗಾಳಿಗೆ ಚೈನ್ ಬೇಗ ತುಕ್ಕು ಹಿಡಿಯುವುದರಿಂದ ಪೂರ್ತಿ ಮುಚ್ಚಿದ ಚೈನ್ ಕವರ್ ಇರುವ ಬೈಕನ್ನೇ ಆರಿಸಿ. ಹಳೆಯ ಗಾಡಿಯಾದರೆ ಬಗ್ಗಿ ಸೈಲೆನ್ಸರಿನ ಅಡಿಭಾಗವನ್ನೂ ಸ್ಟ್ಯಾಂಡಿನ ಬೆಸುಗೆಯನ್ನೂ ನೋಡಿ. ಅಲ್ಲಿ ಹೊಸ ಬಣ್ಣ ಬಳಿದಿದ್ದರೆ ಉಗುರಿನಿಂದ ಕೆರೆದು ನೋಡಲು ಸಂಕೋಚಪಡಬೇಡಿ.